ಡಬ್ಬಿ ಸಿಡಿಯಲಿಲ್ಲ

‘ಡಬ್ಬಿ ಸಿಡೀತು.’

ಆಸ್ಪತ್ರೆಯ ಚೀಟಿಯಲ್ಲಿ ಬರೆಸಿದ್ದು ಇದನ್ನೇ. ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಇದನ್ನೇ. ಶಾಲೆಯಲ್ಲಿ ನನ್ನ ಬಲಗೈಯ ಪಟ್ಟಿ ನೋಡಿ ‘ಏನಾತ್ರಿ ಸರ್’ ಎಂದು ಕೇಳಿದವರಿಗೆಲ್ಲ ಹೇಳಿದ್ದೂ ಇದನ್ನೇ. ಹೇಳಿ ಹೇಳಿ ನಾಲಿಗೆಗೆ ಎಷ್ಟು ರೂಢಿಯಾಯಿತೆಂದರೆ, ಎರಡು ತಿಂಗಳು ಕಳೆಯುವಷ್ಟರಲ್ಲಿ ಡಬ್ಬಿ ಸಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ನನಗೇ ಅನಿಸತೊಡಗಿತ್ತು.

ಡಬ್ಬಿ ಸಿಡಿದಿರಲಿಲ್ಲ. ನಡುವೆ ಬಾಯಿ ತೆರೆದುಕೊಂಡು ಕೂತ ಆ ತೆಳು ತಗಡಿಗೆ ಸಿಡಿಯುವ ಶಕ್ತಿಯೂ ಇರಲಿಲ್ಲ. ವಿಜ್ಞಾನದ ಮಾಸ್ತರನಾದ ನನಗೆ ಅದು ಚೆನ್ನಾಗಿ ಗೊತ್ತಿತ್ತು.

ನನ್ನೂರು ಯಲಬುರ್ಗಾ ತಾಲ್ಲೂಕಿನ ಎರೆಹೊಲಗಳ ನಡುವಿನ ಒಂದು ಹಳ್ಳಿ. ಕೆಲಸ ಕುಷ್ಟಗಿ ತಾಲ್ಲೂಕಿನ ಹೈಸ್ಕೂಲಿನಲ್ಲಿ. ನಮ್ಮ ಮನೆಯಲ್ಲಿ ಯಾವುದನ್ನೂ ಎಸೆದದ್ದು ನೆನಪಿಲ್ಲ. ಎಣ್ಣೆ ಡಬ್ಬಿಯ ಬಾಯಿ ಕತ್ತರಿಸಿ ಹಿಡಿಕೆ ಹಾಕಿದರೆ ನೀರು ತರುವ ಡಬ್ಬಿ. ತಳ ತೂತಾದರೆ ಅದೇ ಸಿಗಡಿ. ಸಿಗಡಿಯೂ ಸುಟ್ಟುಹೋದರೆ ಬಿಡಿಸಿ ಬಡಿದು ಕೋಳಿಗೂಡಿನ ಬಾಗಿಲು. ಔಷಧದ ಶೀಶೆಯ ಮುಚ್ಚಳಕ್ಕೆ ತೂತು ಹಾಕಿ ಬತ್ತಿ ಇಳಿಬಿಟ್ಟರೆ ಚಿಮಣಿ. ಕರೆಂಟು ಕೈಕೊಟ್ಟ ರಾತ್ರಿಗಳಲ್ಲಿ ನಾನು ಓದಿದ್ದು ಅದರ ಬೆಳಕಿನಲ್ಲಿ. ಹೀಗಾಗಿ ಮಾಸ್ತರನಾದ ಮೇಲೆ ‘ಕಸದಿಂದ ರಸ’ ವಸ್ತುಪ್ರದರ್ಶನ ಬಂತೆಂದರೆ ನನಗೆ ಜಾತ್ರೆ ಬಂದ ಹಾಗೆ. ಬಹುಮಾನವೂ ಬಂತು, ಹೆಸರೂ ಬಂತು. ಆ ಹೆಸರಿನ ಜೊತೆ ಒಂದು ರೋಗವೂ ಬಂತು. ನನಗೆ ಗೊತ್ತಿಲ್ಲ ಎನ್ನುವ ಮಾತು ಬಾಯಿಂದ ಹೊರಡದಾಯಿತು.

ನಮ್ಮ ಸೀಮೆಗೆ ಅಲ್ಯೂಮಿನಿಯಂ ಡಬ್ಬಿ ಹೊಸದು. ನಾವು ಹುಡುಗರಿದ್ದಾಗ ಗೋಲಿ ಸೋಡಾ. ಕುಡಿದು ಶೀಶೆಯನ್ನು ಅಂಗಡಿಯವನ ಕೈಗೇ ಕೊಡಬೇಕು. ಆನೆಗೊಂದಿ, ಸಾಣಾಪುರದ ಕಡೆ ಬಂಡೆ ಹತ್ತುವ ಪರದೇಶಿಗಳು, ಶನಿವಾರ–ಭಾನುವಾರ ಕಾರು ತುಂಬಿಕೊಂಡು ಬರುವ ಪಟ್ಟಣದ ಹುಡುಗರು ಹೆಚ್ಚಿದ ಹಾಗೆ ಗದ್ದೆಯ ಬದುವಿನಲ್ಲೂ ಕಾಲುವೆಯ ದಂಡೆಯಲ್ಲೂ ಬಣ್ಣಬಣ್ಣದ ಖಾಲಿ ಡಬ್ಬಿಗಳು ಹೊಳೆಯತೊಡಗಿದವು. ಗಂಗಾವತಿಯ ಒಂದು ಗುಜರಿ ಅಂಗಡಿಗೆ ಹೋಗಿ ಹತ್ತಿಪ್ಪತ್ತು ಚೊಕ್ಕ ಡಬ್ಬಿ ಆರಿಸಿಕೊಂಡೆ. ‘ತುಳದ್ರ ಎಪ್ಪತ್ತು ಡಬ್ಬಿಗೆ ಒಂದು ಕಿಲೋ ಆಗ್ತೈತಿ ನೋಡ್ರಿ ಸರ್ರ’ ಎಂದ ಅಂಗಡಿಯವ. ಅವನ ಲೆಕ್ಕ ಸರಿ. ಒಂದೊಂದರ ತೂಕ ಹೆಚ್ಚುಕಡಿಮೆ 14 ಗ್ರಾಂ. ಬಾಕ್ಸೈಟ್ ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ 5ರಷ್ಟು ಸಾಕು, ಹಳೆಯದನ್ನು ಕರಗಿಸಿ ಮತ್ತೆ ಎರಕ ಹೊಯ್ಯಲು. ಡಬ್ಬಿಗೆ ಒಳ್ಳೆಯ ಗತಿ ಕಾಣಿಸುವುದಷ್ಟೇ ನನ್ನ ಉದ್ದೇಶವಾಗಿದ್ದರೆ ಅವನ್ನು ಅಲ್ಲೇ ಬಿಟ್ಟುಬರಬೇಕಿತ್ತು. ನನಗೆ ಬೇಕಿದ್ದದ್ದು ಡಬ್ಬಿಯಿಂದ ಮಾಡಿದ ಒಂದು ಸ್ಪಿರಿಟ್ ಒಲೆ.

ಎರಡು ಡಬ್ಬಿಗಳ ತಳವನ್ನು ಎರಡು ಬೆರಳಗಲ ಎತ್ತರಕ್ಕೆ ಕತ್ತರಿಸಬೇಕು. ಒಂದರ ತಳಕ್ಕೆ ನಡುವೆ ದೊಡ್ಡ ತೂತು, ಅಂಚಿನ ಸುತ್ತ ಗುಂಡುಸೂಜಿಯಿಂದ ಇಪ್ಪತ್ತರಷ್ಟು ಸಣ್ಣ ತೂತು. ಉಳಿದ ತಗಡಿನಲ್ಲಿ ಒಂದು ಪಟ್ಟಿ ಕತ್ತರಿಸಿ, ಬಳೆಯ ಹಾಗೆ ಸುತ್ತಿ ಒಳಗೆ ನಿಲ್ಲಿಸಿ, ಒಂದು ತಳವನ್ನು ಇನ್ನೊಂದರ ಮೇಲೆ ಬೋರಲು ಹಾಕಿ ಮೆಲ್ಲಗೆ ಒತ್ತಿದರೆ ಒಲೆ ಸಿದ್ಧ. ತಗಡು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ತೆಳು. ಮನೆಯ ಕತ್ತರಿಗೇ ಬಗ್ಗುತ್ತದೆ, ಬ್ಲೇಡಿನ ಹಾಗೆ ಬೆರಳನ್ನೂ ಕೊಯ್ಯುತ್ತದೆ. ಮೊದಲ ಒಲೆ ಮುಗಿಯುವಷ್ಟರಲ್ಲಿ ನನ್ನ ಮೂರು ಬೆರಳಿಗೆ ಬಟ್ಟೆ ಸುತ್ತಿತ್ತು.

ಮೂವತ್ತು ಎಂಎಲ್ ಸ್ಪಿರಿಟ್ ಸುರಿದು ಕಡ್ಡಿ ಗೀರಿದರೆ ಮೊದಲು ನಡುವಿನ ತೂತಿನಲ್ಲಿ ಸುಮ್ಮನೆ ಉರಿಯುತ್ತದೆ. ಒಂದು ನಿಮಿಷ ಕಾಯಬೇಕು. ಸ್ಪಿರಿಟ್ 78 ಡಿಗ್ರಿಯ ಸುಮಾರಿಗೇ ಕುದಿಯುವ ದ್ರವ. ತಗಡು ಕಾದ ಹಾಗೆ ಎರಡು ಗೋಡೆಗಳ ನಡುವೆ ಆವಿ ತುಂಬಿ, ಒತ್ತಡ ಏರಿ, ಸೂಜಿತೂತುಗಳಿಂದ ಹೊರಬಿದ್ದು ಹೊತ್ತಿಕೊಳ್ಳುತ್ತದೆ. ಕತ್ತಲಲ್ಲಿ ಅದೊಂದು ನೀಲಿ ಹೂವು. ಎರಡು ಲೋಟ ನೀರು ಕುದಿಸಲು ಅಷ್ಟೇ ಸ್ಪಿರಿಟ್ ಸಾಕು. ಮಾಳಿಗೆಯ ಮೇಲೆ ಮೊದಲ ಸಲ ಚಹಾ ಕಾಸಿದ ಸಂಜೆ ನಾನು ನಿಂತಲ್ಲಿ ನಿಲ್ಲಲಿಲ್ಲ.

ಅವ್ವನನ್ನು ಕೂಗಿ ಕರೆದೆ. ಅವಳು ಮೆಟ್ಟಿಲು ಹತ್ತಿ ಬಂದು, ಸೊಂಟಕ್ಕೆ ಕೈಕೊಟ್ಟು ನೋಡಿದಳು.

‘ಹಚ್ಚೂದು ಕಂಡ್ನೆಪ. ಆರಸೂದು ಹೆಂಗ?’

‘ಸ್ಪಿರಿಟ್ ಮುಗದ ಮ್ಯಾಲೆ ತಾನ ಆರತೈತಿ ಬೇ.’

‘ಹಂಗಾದ್ರ ಅದು ಒಲಿ ಅಲ್ಲ ಬಿಡು, ಪಟಾಕಿ.’

ನಕ್ಕುಬಿಟ್ಟೆ. ಸ್ವೀಡನ್ನಿನ ಟ್ರಾಂಗಿಯಾ ಎಂಬ ಕಂಪನಿ 1951ರಿಂದ ಮಾಡಿಕೊಂಡು ಬಂದ ಹಿತ್ತಾಳೆಯ ಸ್ಪಿರಿಟ್ ಒಲೆಯ ಚಿತ್ರವನ್ನು ನಾನು ನೋಡಿದ್ದೆ. ನನ್ನ ಡಬ್ಬಿ ಅದರ ಬಡ ತಮ್ಮ ಎಂದುಕೊಂಡಿದ್ದೆ. ಆ ಒಲೆಯ ಜೊತೆ ಉರಿ ತಗ್ಗಿಸಲು, ಮುಚ್ಚಿ ಆರಿಸಲು ಒಂದು ಮುಚ್ಚಳ ಇರುತ್ತದೆ. ಚಿತ್ರದಲ್ಲಿ ಅದೂ ಕಂಡಿತ್ತು. ನಾನು ಕಲಿತದ್ದು ಒಲೆ ಮಾಡುವುದನ್ನು, ಮುಚ್ಚಳವನ್ನಲ್ಲ.

ಒಲೆ ಆಯಿತು, ಪಾತ್ರೆಯೂ ಡಬ್ಬಿಯದೇ ಇರಲಿ ಎಂದು ಹೊರಟೆ. ದೊಡ್ಡ ಡಬ್ಬಿಯ ಮೇಲ್ತಲೆ ತೆಗೆದು, ಅಂಚು ಮಡಚಿ, ತಂತಿಯ ಹಿಡಿಕೆ ಕಟ್ಟಿದೆ. ಎಂಟನೇ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠದಲ್ಲಿ ಕಾಗದದ ಬಟ್ಟಲಿನಲ್ಲಿ ನೀರು ಕಾಯಿಸುವ ಚಟುವಟಿಕೆ ಇದೆ. ನೀರು ಶಾಖವನ್ನು ಎಳೆದುಕೊಳ್ಳುತ್ತಿರುವ ತನಕ ಕಾಗದ ಹೊತ್ತುವುದಿಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಒಳಗಿನ ನೀರು 100 ದಾಟದು, ಹಾಗಾಗಿ ತೆಳು ಡಬ್ಬಿಯೂ ತಾಳುತ್ತದೆ. ತಾಳಿತು ಕೂಡ. ಮೂರನೇ ಸಲ ಮಾತ್ರ ಫೋನಿನಲ್ಲಿ ಮಾತಾಡುತ್ತ ನೀರು ಇಂಗಿದ್ದನ್ನು ಗಮನಿಸಲಿಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮನೆ ತುಂಬಿತು. ಡಬ್ಬಿಯ ಒಳಮೈ ಕಂದಾಗಿ ಸುಕ್ಕುಗಟ್ಟಿ ಏಳುತ್ತಿತ್ತು.

ಪಾನೀಯದ ಡಬ್ಬಿಯ ಒಳಗೆ ಬರೀ ಲೋಹ ಇರುವುದಿಲ್ಲ. ಹುಳಿ ಪಾನೀಯ ಅಲ್ಯೂಮಿನಿಯಂ ತಿನ್ನದಿರಲಿ ಎಂದು ತೆಳುವಾಗಿ ಎಪಾಕ್ಸಿಯಂಥ ಲೇಪ ಹಚ್ಚಿರುತ್ತಾರೆ; ಬಹಳ ಕಾಲ ಅದನ್ನು ಬಿಸ್ಫೆನಾಲ್-ಎ ಎಂಬ ರಾಸಾಯನಿಕದಿಂದ ಮಾಡುತ್ತಿದ್ದರು. ತಂಪು ಪಾನೀಯ ಹಿಡಿದಿಡಲು ಮಾಡಿದ ಲೇಪ ಅದು, ಒಲೆಯ ಮೇಲೆ ಕೂರಲು ಅಲ್ಲ. ಇದನ್ನು ನಾನು ಓದಿ ತಿಳಿದುಕೊಂಡದ್ದು ಡಬ್ಬಿ ಸುಟ್ಟ ಮೇಲೆ. ಅವ್ವ ಮಾತ್ರ ಒಳಗೆ ಇಣುಕಿದವಳೇ ಹೇಳಿಬಿಟ್ಟಳು: ‘ಇದರ ಕಲಾಯಿ ಹೋಗೇತಿ. ಬರೀ ಪಾತ್ರಿ ಉರಿ ಮ್ಯಾಲೆ ಇಟ್ರ ಕಲಾಯಿ ಇಳೀತೈತಿ ಅಂತ ಎಷ್ಟು ಸಲ ಬೈದಿಲ್ಲ ನಿಮಗ?’

ಬೈದಿದ್ದಳು. ಹಿತ್ತಾಳೆ ಪಾತ್ರೆಗೆ ತವರ ಬಳಿಯಲು ಕಲಾಯಿಯವರು ಊರಿಗೆ ಬರುತ್ತಿದ್ದ ಕಾಲ ಅದು. ನೆಲದಲ್ಲಿ ಕುಣಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸಿ ಅರಳೆಯಿಂದ ತಿಕ್ಕಿದರೆ ಒಳಮೈ ಬೆಳ್ಳಿಯಾಗುತ್ತಿತ್ತು. ತವರ ಕರಗುವುದು 232 ಡಿಗ್ರಿಗೆ. ಖಾಲಿ ಪಾತ್ರೆ ಒಲೆಯ ಮೇಲೆ ಅಷ್ಟನ್ನು ಬೇಗ ಮುಟ್ಟುತ್ತದೆ. ಈ ಅಂಕಿ ನನಗೆ ಗೊತ್ತು, ಅವ್ವನಿಗೆ ಗೊತ್ತಿಲ್ಲ. ಆದರೂ ಪಾತ್ರೆಯನ್ನು ಉಳಿಸಿಕೊಂಡವಳು ಅವಳು, ಸುಟ್ಟವನು ನಾನು. ಅಲ್ಲಿಗೇ ನಿಲ್ಲಿಸಿದ್ದರೆ ಒಂದು ಡಬ್ಬಿಯ ಮಟ್ಟಿಗೆ ಮುಗಿಯುತ್ತಿತ್ತು.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ವಾರ. ಅಕ್ಕನ ಮಗ ಎಂಟನೇ ತರಗತಿ. ಅವನೂ ಅವನ ಇಬ್ಬರು ಗೆಳೆಯರೂ ‘ಮಾಮಾ, ಒಂದು ರಾತ್ರಿ ಹೊರಗ ಮಲಗೂಣು’ ಎಂದು ಗಂಟುಬಿದ್ದರು. ಸಾಣಾಪುರದ ಹತ್ತಿರ ನನ್ನ ಗೆಳೆಯನ ಹೊಲವಿದೆ. ಒಂದು ಕಡೆ ಗುಡ್ಡದಿಂದ ಉರುಳಿ ಬಂದಂಥ ಬೋಳು ಬಂಡೆಗಳು, ಇನ್ನೊಂದು ಕಡೆ ತುಂಗಭದ್ರೆಯ ನೀರು ತರುವ ಕಾಲುವೆ. ಎರಡನೇ ಬೆಳೆಗೆ ನೀರು ಬಿಟ್ಟಿದ್ದರು. ಗದ್ದೆಯಲ್ಲಿ ನಾಟಿ ನಡೆದಿತ್ತು. ದೂರದಲ್ಲಿ ಅಂಜನಾದ್ರಿಯ ನೆತ್ತಿಯ ಬಿಳಿ ಗುಡಿ. ಮರುದಿನ ಬೆಳಗ್ಗೆ ಹಿರೇಬೆಣಕಲ್ಲಿಗೆ ಹೋಗಿ ಮೋರ್ಯರ ಗುಡ್ಡ ಹತ್ತುವುದು, ಎರಡು ಸಾವಿರ ವರ್ಷಕ್ಕೂ ಹಿಂದಿನವರು ಬಂಡೆಯ ಹಾಳೆಗಳನ್ನು ನಿಲ್ಲಿಸಿ ಕಟ್ಟಿದ ಶಿಲಾಸಮಾಧಿಗಳನ್ನು ಹುಡುಗರಿಗೆ ತೋರಿಸುವುದು ಎಂದು ಗೊತ್ತುಮಾಡಿಕೊಂಡಿದ್ದೆವು.

ಸ್ಪಿರಿಟ್ ತಂದದ್ದು ಶಾಲೆಯ ಪ್ರಯೋಗಾಲಯದಿಂದ. ಅದೂ ಒಂದು ತಪ್ಪು, ಇಲ್ಲೇ ಒಪ್ಪಿಕೊಳ್ಳುತ್ತೇನೆ. ಅರ್ಧ ಲೀಟರನ್ನು ನೀರಿನ ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿಕೊಂಡಿದ್ದೆ. ಮೆಥನಾಲ್ ಬೆರೆತ ಸ್ಪಿರಿಟ್ ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಅಂಥದ್ದನ್ನು ನೀರಿನ ಬಾಟಲಿಯಲ್ಲಿ ತುಂಬಿ ಮೂವರು ಹುಡುಗರ ನಡುವೆ ಇಟ್ಟುಕೊಂಡಿದ್ದೆ.

ಸಂಜೆ ನಾಲ್ಕೂವರೆ. ಬಿಸಿಲು ಓರೆಯಾಗಿ ಬಂಡೆಯ ಮೇಲೆ ಬೀಳುತ್ತಿತ್ತು. ಮೊದಲ ಸಲ ಚಹಾ ಆಯಿತು. ನನಗೂ ಗೆಳೆಯನಿಗೂ ಒಂದೊಂದು ಲೋಟ. ಹುಡುಗರು ಚಪ್ಪಾಳೆ ತಟ್ಟಿದರು. ಅವರ ಪಾಲಿನದಕ್ಕೆ ನೀರಿಟ್ಟೆ. ಕುದಿ ಬರುವ ಮೊದಲೇ ಸದ್ದಡಗಿತು. ಬಗ್ಗಿ ನೋಡಿದೆ. ಬೂದುಬಿಳಿಯ ಬಂಡೆ, ಅದರ ಮೇಲೆ ಬಿಸಿಲು, ಬಿಸಿಲಲ್ಲಿ ಒಂದು ಡಬ್ಬಿ. ಉರಿ ಎಲ್ಲೂ ಕಾಣಲಿಲ್ಲ.

ಅಕ್ಕನ ಮಗ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿದ್ದ. ‘ಮಾಮಾ, ಆರೇತೇನು ಸರಿಯಾಗಿ ನೋಡು’ ಎಂದ.

‘ಆರೇತಿ. ನನಗ ಗೊತ್ತಾಗೂದಿಲ್ಲೇನು?’

ಬಾಟಲಿ ಬಗ್ಗಿಸಿದೆ.

ಸಿಡಿದ ಸದ್ದೇನೂ ಆಗಲಿಲ್ಲ. ‘ಭುಸ್’ ಎಂದು ಹಾವು ಉಸಿರು ಬಿಟ್ಟ ಹಾಗೆ ಒಂದು ಸದ್ದು. ಸ್ಪಿರಿಟ್ಟಿನ ಧಾರೆಯ ಗುಂಟ ಉರಿ ಏರಿ ಬಾಟಲಿಯ ಬಾಯಿಗೆ ಬಂತು, ನನ್ನ ಬೆರಳು ಹಿಡಿಯಿತು. ಕೈ ಕೊಡವಿ ಬಾಟಲಿ ಎಸೆದೆ. ಯಾವ ಕಡೆ ಎಂದು ನೋಡಲಿಲ್ಲ. ಉರಿಯುವ ಸ್ಪಿರಿಟ್ ಚೆಲ್ಲಿದ್ದು ಹುಡುಗನ ಬಲಗಾಲಿನ ಮೇಲೆ.

ಗೆಳೆಯ ಗೋಣಿಚೀಲ ಎಳೆದುಕೊಂಡು ಕಾಲಿನ ಮೇಲೆ ಬಿದ್ದ. ಉರಿ ಆರಿತು. ಪಾಲಿಸ್ಟರ್ ಪ್ಯಾಂಟು ಕರಗಿ ಮೊಣಕಾಲಿನ ಕೆಳಗೆ ಅಂಟಿಕೊಂಡಿತ್ತು. ಹುಡುಗ ಅಳಲಿಲ್ಲ, ಹಲ್ಲು ಕಚ್ಚಿಕೊಂಡು ನನ್ನ ಮುಖ ನೋಡುತ್ತಿದ್ದ. ನಾನು ಮಾಡಿದ ಮುಂದಿನ ಕೆಲಸ ಬರೆಯಲು ಇವತ್ತೂ ಕೈ ಹಿಂಜರಿಯುತ್ತದೆ. ಚೀಲದಿಂದ ಟೂತ್‌ಪೇಸ್ಟ್ ತೆಗೆದು ಗಾಯದ ಮೇಲೆಲ್ಲ ಬಳಿದೆ. ಮೂವತ್ತು ಹೆಜ್ಜೆ ಆಚೆ ಕಾಲುವೆ ತುಂಬಿ ಹರಿಯುತ್ತಿತ್ತು.

ಗಂಗಾವತಿಯ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ‘ನೀರು ಹಾಕಿದ್ರೇನು?’ ಎಂದು. ಸುಟ್ಟ ತಕ್ಷಣ ಹರಿಯುವ ತಣ್ಣನೆ ನೀರನ್ನು ಇಪ್ಪತ್ತು ನಿಮಿಷ ಬಿಡಬೇಕು. ಶಾಖ ಚರ್ಮದ ಆಳಕ್ಕೆ ಇಳಿಯದಂತೆ ತಡೆಯುವುದು ಅದೊಂದೇ. ಪೇಸ್ಟು, ಶಾಯಿ, ಹಿಟ್ಟು ಯಾವುದೂ ಕೂಡದು. ಶಾಖ ಒಳಗೇ ಉಳಿಯುತ್ತದೆ, ಗಾಯಕ್ಕೆ ಸೋಂಕು ತಗಲಬಹುದು. ಅದನ್ನೆಲ್ಲ ಉಜ್ಜಿ ತೆಗೆಯುವಾಗ ಹುಡುಗ ಮೊದಲ ಸಲ ಕೂಗಿದ. ರೋಗಿಯ ಬೆರಳೂ ಸೇರಿದ ಅಂಗೈ ಅಂದರೆ ಅವನ ಮೈಯ ನೂರರಲ್ಲಿ ಒಂದು ಪಾಲು ಎಂಬುದು ಡಾಕ್ಟರರ ಅಳತೆ. ಹುಡುಗನ ಅಂಗೈಯನ್ನೇ ಗಾಯದ ಹತ್ತಿರ ಹಿಡಿದು ನೋಡಿ ‘ಎರಡು’ ಎಂದು ಬರೆದುಕೊಂಡರು.

‘ಹೆಂಗಾತು?’

‘ಒಲಿ ಮಾಡಿದ್ವಿರಿ, ಡಬ್ಬಿ ಸಿಡೀತ್ರಿ.’

ಡಾಕ್ಟರು ಹುಡುಗನ ಕಡೆ ತಿರುಗಿದರು. ಅವನು ನನ್ನನ್ನೊಮ್ಮೆ ನೋಡಿದ.

‘ಹೌದ್ರಿ, ಸಿಡೀತು.’

ನಾನು ಅವನ ತಲೆ ಸವರಿದೆ.

ಮೋರ್ಯರ ಗುಡ್ಡ ಹತ್ತುವುದು ಅಲ್ಲಿಗೇ ನಿಂತಿತು. ಅವನ ಗಾಯಕ್ಕೆ ಒಂದೂವರೆ ತಿಂಗಳು, ನನ್ನ ಬೆರಳಿಗೆ ಹದಿನೈದು ದಿನ. ಆ ಹದಿನೈದು ದಿನ ಸುಮ್ಮನೆ ಕೂತು ಓದಿದೆ. 2014ರಲ್ಲಿ ಅಮೆರಿಕದಲ್ಲಿ ನ್ಯೂಯಾರ್ಕಿನ ಒಂದು ಹೈಸ್ಕೂಲು, ನೆವಾಡಾದ ಒಂದು ಮ್ಯೂಸಿಯಂ, ಡೆನ್ವರಿನ ಒಂದು ಶಾಲೆ, ಮೂರು ಕಡೆಯೂ ಮೆಥನಾಲಿನ ಉರಿಯ ಪ್ರಯೋಗ ತೋರಿಸುವಾಗ ಮಕ್ಕಳು ಸುಟ್ಟುಕೊಂಡಿದ್ದರು. ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ ಅದೇ ವರ್ಷ ಎಲ್ಲ ಶಿಕ್ಷಕರಿಗೂ ಎಚ್ಚರಿಕೆ ಕೊಟ್ಟಿತು: ಉರಿಯ ಹತ್ತಿರ ಬಾಟಲಿಯಿಂದ ಮೆಥನಾಲಿನಂಥ ದ್ರವ ಸುರಿಯಬೇಡಿ. ಬಾಟಲಿಯೊಳಗಿನ ಆವಿಗೆ ಕಿಡಿ ಮುಟ್ಟಿದರೆ ಅದು ಪಿಚಕಾರಿಯ ಹಾಗೆ ಬೆಂಕಿ ಚಿಮ್ಮುತ್ತದೆ; ಸುಡುವುದು ಹಿಡಿದವನಿಗಿಂತ ಹೆಚ್ಚಾಗಿ ಎದುರಿಗೆ ಕೂತವರನ್ನು. ಆ ಮೂರೂ ಕಡೆ ಬಾಟಲಿ ಹಿಡಿದದ್ದು ಮಕ್ಕಳಲ್ಲ, ಕಲಿಸುವವರು. ಓದುತ್ತ ಹೋದ ಹಾಗೆ ಪರಊರಿನ ಆ ಮಾಸ್ತರರ ಜಾಗದಲ್ಲಿ ನನ್ನ ಮುಖ ಕಾಣತೊಡಗಿತು. ಸ್ಪಿರಿಟ್ಟಿನ ಉರಿ ಬಿಸಿಲಲ್ಲಿ ಕಾಣುವುದಿಲ್ಲ ಎಂದು ಹಲಗೆಯ ಮೇಲೆ ನಾನೇ ಎಷ್ಟೋ ವರ್ಷ ಬರೆದಿದ್ದೇನೆ. ಉರಿಯುವ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ತುಂಬಬಾರದು ಎಂಬುದಕ್ಕೆ ಒಂದು ಅಂಕದ ಪ್ರಶ್ನೆ ಕೂಡ ಕೊಟ್ಟಿದ್ದೇನೆ.

ಆಗಸ್ಟಿನಲ್ಲಿ ಪಂಚಮಿಗೆ ಅಕ್ಕ ತವರಿಗೆ ಬಂದಳು. ಪಡಸಾಲೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: ‘ಆ ಸುಡುಗಾಡು ಡಬ್ಬಿ ಸಿಡದು ಹುಡುಗನ ಕಾಲು ಹೋಗತಿತ್ತು. ಅವಾಗಿಂದ ಇವಗ ಗ್ಯಾಸ್ ಹಚ್ಚಾಕೂ ಬಿಡಂಗಿಲ್ಲ ನಾ.’ ಹುಡುಗ ಹೊಸ್ತಿಲ ಮೇಲೆ ಕೂತು ಉಂಡಿ ತಿನ್ನುತ್ತಿದ್ದ, ತಲೆ ಎತ್ತಲಿಲ್ಲ. ಏಳು ತಿಂಗಳಲ್ಲಿ ಒಮ್ಮೆಯೂ ಅವನು ಆ ಮಾತು ತೆಗೆದಿರಲಿಲ್ಲ. ನನ್ನ ಸುಳ್ಳನ್ನು ನನಗಿಂತ ಜೋಪಾನವಾಗಿ ಕಾಯ್ದುಕೊಂಡಿದ್ದ.

‘ಅಕ್ಕಾ, ಡಬ್ಬಿ ಸಿಡಿಲಿಲ್ಲ’ ಎಂದೆ. ‘ಇನ್ನೂ ಉರಿತಿತ್ತು, ನಾ ಸುರುವಿದೆ. ನೋಡು ಅಂತ ಇವ ಹೇಳಿದ್ದ.’

ಅಕ್ಕನ ಕೈಯಲ್ಲಿ ಉಂಡಿ ನಿಂತಿತು. ನನ್ನನ್ನು ಕೇಳಲಿಲ್ಲ, ಮಗನನ್ನು ಕೇಳಿದಳು: ‘ಮತ್ತ ನೀ ಯಾಕ ಸಿಡೀತು ಅಂದಿ?’

‘ಮಾಮಾ ಅಂದ್ನಲ್ಲ.’

ಅಕ್ಕ ಆಮೇಲೆ ಬೈದಳು, ಎರಡು ದಿನ ಮಾತು ಬಿಟ್ಟಳು. ಆ ಬೈಗುಳ ಈಗ ನೆನಪಿಲ್ಲ. ‘ಮಾಮಾ ಅಂದ್ನಲ್ಲ’ ಎಂಬುದು ಮರೆತಿಲ್ಲ. ಅವ್ವ ಮಾತ್ರ ಒಂದೇ ಮಾತು ಕೇಳಿದಳು: ‘ಹಿಂಗೈ ಹಿಡದು ನೋಡಿದ್ದೇನು?’ ಸೀಮೆಎಣ್ಣೆಯ ಪಂಪ್ ಸ್ಟೋವಿನ ಕಾಲದಿಂದ ಅವಳದು ಅದೇ ಕ್ರಮ. ಉರಿ ಆರಿತು ಎಂದು ಕಣ್ಣು ಹೇಳಿದರೆ ನಂಬಬಾರದು. ಅಂಗೈಯ ಹಿಂಭಾಗವನ್ನು ದೂರದಿಂದ ಮೆಲ್ಲಗೆ ತರಬೇಕು. ಅಲ್ಲಿನ ಚರ್ಮ ತೆಳು, ಬಿಸಿ ಬೇಗ ತಿಳಿಯುತ್ತದೆ. ತಣ್ಣಗಾಗುವ ತನಕ ಎಣ್ಣೆಯ ಡಬ್ಬಿ ಮುಟ್ಟಬಾರದು.

‘ಇಲ್ಲ ಬೇ’ ಎಂದೆ.

ಡಬ್ಬಿಯ ಒಲೆ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಮಾಡುವವರು ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಲಿ. ಒಲೆಗಿಂತ ಮೊದಲು ಅದನ್ನು ಮುಚ್ಚಿ ಆರಿಸುವ ದೊಡ್ಡ ಡಬ್ಬಿಯೊಂದನ್ನು ಹುಡುಕಲಿ. ಬಾಟಲಿಯನ್ನು ಹತ್ತು ಹೆಜ್ಜೆ ದೂರವಿಟ್ಟು, ಮೂವತ್ತು ಎಂಎಲ್ ಹಿಡಿಯುವ ಸಣ್ಣ ಲೋಟದಿಂದ ಒಂದೇ ಸಲ ಹಾಕಲಿ. ಪಕ್ಕದಲ್ಲಿ ಒಂದು ಬಿಂದಿಗೆ ನೀರಿರಲಿ. ಸ್ಪಿರಿಟ್ ನೀರಿನಲ್ಲಿ ಬೆರೆಯುತ್ತದೆ, ಎಣ್ಣೆಯ ಬೆಂಕಿಯಂತಲ್ಲ, ಧಾರಾಳ ನೀರಿಗೆ ಆರುತ್ತದೆ. ಪಾತ್ರೆ ಸ್ಟೀಲಿನದಿರಲಿ. ಟೆಂಟಿನೊಳಗೆ ಬೇಡ, ಅಲ್ಲಿ ಕೂಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಣಹುಲ್ಲಿನ ಗುಡ್ಡದಲ್ಲಂತೂ ಬೇಡವೇ ಬೇಡ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ನಾವು ಮೋರ್ಯರ ಗುಡ್ಡ ಹತ್ತಿದ್ದು ಮುಂದಿನ ಚಳಿಗಾಲ. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2021ರಲ್ಲಿ ಸೇರಿದ ಆ ಕಲ್ಲುಮನೆಗಳ ನೆರಳಲ್ಲಿ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ತಿಂದು, ಮನೆಯಿಂದ ಥರ್ಮಾಸಿನಲ್ಲಿ ತಂದ ಚಹಾ ಕುಡಿದೆವು. ಹುಡುಗ ಪ್ಯಾಂಟು ಮೊಣಕಾಲಿಗೆ ಮಡಚಿದ್ದ. ಕಲೆ ಇನ್ನೂ ನುಣ್ಣಗೆ ಹೊಳೆಯುತ್ತಿತ್ತು.

ಆ ವರ್ಷ ‘ದಹನ ಮತ್ತು ಜ್ವಾಲೆ’ ಪಾಠಕ್ಕೆ ಆ ಡಬ್ಬಿಯನ್ನೇ ತರಗತಿಗೆ ಒಯ್ದೆ. ಹಚ್ಚಲಿಲ್ಲ. ಮೇಜಿನ ಮೇಲಿಟ್ಟು ನಡೆದದ್ದನ್ನು ಮೊದಲಿನಿಂದ ಕೊನೆಯ ತನಕ ಹೇಳಿದೆ. ಪ್ರಯೋಗಾಲಯದ ಸ್ಪಿರಿಟ್, ನೀರಿನ ಬಾಟಲಿ, ಟೂತ್‌ಪೇಸ್ಟ್, ಸುಳ್ಳು, ಯಾವುದನ್ನೂ ಬಿಡಲಿಲ್ಲ. ಹಲಗೆಯ ಮೇಲೆ ‘ಮುನ್ನೆಚ್ಚರಿಕೆಗಳು’ ಎಂದು ಬರೆದು ಕೆಳಗೆ ಐದು ಸಾಲು ಬರೆದೆ. ಮಕ್ಕಳು ತಲೆತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು ಎದ್ದು ನಿಂತಳು.

‘ಸರ್ರ, ಇದೆಲ್ಲಾ ನಿಮಗ ಮೊದಲ ಗೊತ್ತಿತ್ತಲ್ರೀ. ಮತ್ಯಾಕ ಸುರುವಿದ್ರಿ?’

ಇಡೀ ತರಗತಿ ಬರೆಯುವುದನ್ನು ನಿಲ್ಲಿಸಿತು. ಗಡಿಬಿಡಿ ಇತ್ತು ಎನ್ನಬಹುದಿತ್ತು. ಬಿಸಿಲಿತ್ತು ಎನ್ನಬಹುದಿತ್ತು.

‘ಮೂರು ಹುಡುಗ್ರು ನನ್ನ ಕೈನ ನೋಡಾಕತ್ತಿದ್ರವ್ವಾ’ ಎಂದೆ. ‘ಆರೇತೋ ಇಲ್ಲೋ ನನಗೂ ಗೊತ್ತಿಲ್ಲ, ತಡೀರಿ ಅನ್ನಾಕ ನಾಚಿಕಿ ಆತು.’

ಅವಳು ಒಂದು ಗಳಿಗೆ ನಿಂತೇ ಇದ್ದಳು. ಆಮೇಲೆ ಕೂತು ಪೆನ್ನು ಎತ್ತಿಕೊಂಡು ಕೇಳಿದಳು:

‘ಇದನ್ನೂ ಬರಕೊಳ್ಳೂದೇನ್ರಿ ಸರ್ರ?’

‘ಹೂಂ’ ಎಂದೆ. ‘ಆರನೇದು ಅಂತ ಬರಕೋ.’